ಮೂರನೆಯ ಸಲ ಒತ್ತದ ಹಾರನ್

ನಮ್ಮ ಓನರ್ ಅವರ ಬಲಗೈ ಸುಮ್ಮನಿರುತ್ತಿರಲಿಲ್ಲ. ಕುರ್ಚಿಯ ತೋಳಿನ ಮೇಲೆ ಅಂಗೈ ಮೇಲ್ಮುಖವಾಗಿ ಬಿದ್ದಿರುತ್ತಿತ್ತು. ಇದ್ದಕ್ಕಿದ್ದಂತೆ ಐದೂ ಬೆರಳು ಒಟ್ಟಾಗಿ, ಅಲ್ಲಿಲ್ಲದ ಒಂದು ಉಂಡೆಯನ್ನು ಹಿಂಡುವಂತೆ ಮಡಚಿಕೊಳ್ಳುತ್ತಿದ್ದವು. ಸ್ವಲ್ಪ ಬಿಟ್ಟು ಇನ್ನೊಮ್ಮೆ. ಆಮೇಲೆ ಕೈ ಅರ್ಧ ತೆರೆದುಕೊಂಡು ಹಾಗೇ ನಿಂತುಬಿಡುತ್ತಿತ್ತು. ಮಡಚಬೇಕೆಂದು ಹೊರಟು ಮಡಚಲಾರದೆ ಹೋದ ಕೈಯಂತೆ ಬೆರಳ ತುದಿಗಳು ಮಾತ್ರ ನಡುಗುತ್ತಿದ್ದವು. ವಯಸ್ಸಾದವರ ನಡುಕ ಇರಬೇಕೆಂದು ನಾನು ಅಂದುಕೊಂಡಿದ್ದೆ. ಅವರ ಮಗಳೂ ಹಾಗೆಯೇ ಅಂದುಕೊಂಡಿದ್ದರು.

ಬಸವೇಶ್ವರನಗರದ ಅವರ ಮನೆಯ ಮಹಡಿಗೆ ನಾನು ಬಾಡಿಗೆಗೆ ಬಂದು ಒಂಬತ್ತು ವರ್ಷವಾಯಿತು. ಅದಕ್ಕೆ ಮೊದಲು ವಿಜಯನಗರದಲ್ಲಿ, ರಾಜಾಜಿನಗರದಲ್ಲಿ ಎಷ್ಟೋ ಮನೆಗಳ ಗೇಟು ತಟ್ಟಿದ್ದೆ. ಮದುವೆಯಿಲ್ಲದೆ ಒಬ್ಬಳೇ ಇರುವ ಹೆಂಗಸಿಗೆ ಮನೆ ಕೊಡಲು ಯಾರಿಗೂ ಮನಸ್ಸಿರಲಿಲ್ಲ. "ಫ್ಯಾಮಿಲಿಗೆ ಮಾತ್ರ ಕೊಡೋದು ಮೇಡಂ" ಎಂದು ಗೇಟಿನ ಆಚೆಯಿಂದಲೇ ಕಳಿಸುತ್ತಿದ್ದರು. ಇವರು ಒಳಗೆ ಕರೆದು ಕೂರಿಸಿದರು.

"ಒಬ್ರೇ ಇರ್ತೀರಾ?"

"ಹೌದು ಸಾರ್."

"ಒಳ್ಳೇದಾಯ್ತು ಬಿಡಿ. ಟ್ಯಾಂಕ್ ನೀರು ಉಳಿಯತ್ತೆ."

ಅಷ್ಟೇ ವಿಚಾರಣೆ. ನಾನು ಕಿವಿಯ ಮಿಷಿನ್ ಮಾರುವ ಅಂಗಡಿಯೊಂದರಲ್ಲಿ ಕಿವಿ ಪರೀಕ್ಷೆ ಮಾಡುವವಳೆಂದು ತಿಳಿದ ದಿನದಿಂದ ಅವರು ನನ್ನನ್ನು "ಕಿವಿ ಡಾಕ್ಟ್ರೇ" ಎಂದೇ ಕರೆದರು. ನಾನು ಡಾಕ್ಟರ್ ಅಲ್ಲ ಎಂದು ಹಲವು ಸಲ ಹೇಳಿದೆ. "ನಂಗೆ ಕೇಳ್ಸಲ್ಲ ಕಣಮ್ಮ" ಎಂದು ನಗುತ್ತಿದ್ದರು. ನಿಜವಾಗಿಯೂ ಅವರಿಗೆ ಕೇಳಿಸುತ್ತಿರಲಿಲ್ಲ. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕಬ್ಬಿಣ ಕತ್ತರಿಸುವ ಯಂತ್ರದ ಪಕ್ಕದಲ್ಲೇ ನಿಂತು ನಿವೃತ್ತರಾದವರು. ಎರಡೂ ಕಿವಿ ಮಂದವಾಗಿದ್ದವು. ಮಿಷಿನ್ ಹಾಕಿಸಿಕೊಳ್ಳಿ ಎಂದರೆ ಕೈ ಆಡಿಸಿಬಿಡುತ್ತಿದ್ದರು. "ಬೆಂಗಳೂರಲ್ಲಿ ಕೇಳೋಂಥದ್ದು ಏನಿದೆ? ನೀವೇ ಹೇಳಿ."

ಅವರದು ಕಾರವಾರದ ಆಚೆ, ಗೋವಾದೊಳಗಿನ ಒಂದು ಹಳ್ಳಿ. ಮನೆಮಾತು ಕೊಂಕಣಿ. ಹರೆಯದಲ್ಲಿ ಗಡಿ ದಾಟಿ ಬಂದವರು ಮತ್ತೆ ಹೋಗಲೇ ಇಲ್ಲ. ಸಮುದ್ರ ತೀರದಿಂದ ಬಂದವರ ಆ ಮನೆಯಲ್ಲಿ ಮೀನು ಬೇಯುತ್ತಿರಲಿಲ್ಲ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಕಾಲೇಜೊಂದರ ಕಚೇರಿಯಲ್ಲಿ ಕೆಲಸ ಮಾಡುವ ಮಗಳು ಜೊತೆಗಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತೇನೆ.

ನಮ್ಮ ರಸ್ತೆಯವರಿಗೆಲ್ಲ ಅವರ ಒಂದು ಪದ್ಧತಿ ಗೊತ್ತಿತ್ತು. ರಸ್ತೆಯ ಯಾವ ಮನೆಯಲ್ಲಾದರೂ ಸಾವಾದರೆ, ಮಾರನೆಯ ಬೆಳಿಗ್ಗೆ ಓನರ್ ಕೊಡೆ ಹಿಡಿದು ಮೂಲೆಯಲ್ಲಿ, ಹೊಂಗೆ ಮರದ ಕೆಳಗೆ ನಿಂತಿರುತ್ತಿದ್ದರು. ತಿಥಿ ಮುಗಿಯುವವರೆಗೂ ಅದೇ. ಸತ್ತವರು ಪರಿಚಯದವರಾಗಿರಬೇಕೆಂದಿರಲಿಲ್ಲ. ಈಗ ತರಕಾರಿ ಗಾಡಿಯವರೂ ಹಳೇ ಪೇಪರಿನವರೂ ಧ್ವನಿ ರೆಕಾರ್ಡ್ ಮಾಡಿಟ್ಟ ಸ್ಪೀಕರ್ ಕಟ್ಟಿಕೊಂಡು ಬರುತ್ತಾರಲ್ಲ, ಅವರನ್ನು ಒಬ್ಬೊಬ್ಬರನ್ನಾಗಿ ತಡೆಯುತ್ತಿದ್ದರು.

"ಸ್ಪೀಕರ್ ಆಫ್ ಮಾಡಪ್ಪ. ಸೂತಕದ ಮನೆ ಇದೆ."

"ಏನ್ ತಾತ, ವ್ಯಾಪಾರ ಮಾಡೋದ್ ಬೇಡ್ವಾ ನಾವು?"

"ಮಾಡು, ಯಾರ್ ಬೇಡ ಅಂದ್ರು? ಈ ರೋಡಲ್ಲಿ ಬಾಯಿ ಮುಚ್ಕೊಂಡು ತಳ್ಕೊಂಡ್ ಹೋಗು. ಆ ಕಡೆ ಹೋಗಿ ಗಂಟಲು ಹರ್ಕೋ."

"ಸತ್ತೋರಿಗೆ ಕೇಳ್ಸತ್ತಾ ತಾತ?"

"ಸತ್ತೋರಿಗಲ್ಲಪ್ಪ. ಇರೋರು ಎದ್ದು ಬರ್ತಾರೆ."

ಈ ಕೊನೆಯ ಮಾತನ್ನು ನಾನೇ ಎರಡು ಮೂರು ಸಲ ಕೇಳಿದ್ದೇನೆ. ದುಃಖದಲ್ಲಿರುವವರು ಎದ್ದು ಬಾಗಿಲಿಗೆ ಬರುವಂತಾಗಬಾರದು ಎನ್ನುವ ಮರ್ಯಾದೆಯ ಮಾತೆಂದು ತಿಳಿದಿದ್ದೆ. ಅವರನ್ನು ರಸ್ತೆಯವರು ಗೌರವಿಸಲು ಇದೂ ಒಂದು ಕಾರಣವಾಗಿತ್ತು.

ಇನ್ನೊಂದು ಕಾರಣ ಗೋವಾ. ಪೋರ್ಚುಗೀಸರ ವಿರುದ್ಧ ಹೋರಾಡಿದವರು ಅವರು ಎಂಬುದು ಅಕ್ಕನಿಗೆ ತಾಯಿಯಿಂದ ಬಂದ ಮಾತು. ಏನು ಮಾಡಿದರು, ಹೇಗೆ ಎಂದು ಅಕ್ಕನಿಗೂ ಗೊತ್ತಿರಲಿಲ್ಲ. ಕೇಳಿದರೆ ಓನರ್, "ನಾನು ಸೈಕಲ್ ಹೊಡೀತಿದ್ದೆ" ಎಂದು ಮಾತು ತಿರುಗಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು.

ಹೋದ ವರ್ಷ ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿ ಮನೆಗೆ ಬಂದರು. ಆಗಸ್ಟ್ ಹದಿನೈದಕ್ಕೆ ಪಾರ್ಕಿನಲ್ಲಿ ಧ್ವಜ ಹಾರಿಸಿ ಓನರ್ ಅವರಿಗೆ ಸನ್ಮಾನ ಮಾಡುವುದೆಂದೂ, ಪಾರ್ಕಿನ ಬಾಗಿಲ ಪಕ್ಕ ಸ್ವಾತಂತ್ರ್ಯ ಹೋರಾಟಗಾರರೆಂದು ಅವರ ಹೆಸರಿನ ಫಲಕ ಹಾಕುವುದೆಂದೂ ತೀರ್ಮಾನವಾಗಿತ್ತು. ಓನರ್ ಬೇಡವೆಂದರು. ಕಾರ್ಯದರ್ಶಿಗೆ ಸಂತೋಷವಾಯಿತು. "ನಿಜವಾದವರು ಹಿಂಗೇ ಸಾರ್. ಬೇಡ ಅಂತಾರೆ. ಅದಕ್ಕೇ ನಾವು ಬಿಡಲ್ಲ."

ಭಾಷಣಗಳು ಅಪ್ಪನ ಕಿವಿಗೆ ಬೀಳಬೇಕೆಂದು ಅಕ್ಕ ಹಟ ಹಿಡಿದರು. ಅಂತೂ ಮಿಷಿನ್‌ಗೆ ಒಪ್ಪಿಗೆ ಸಿಕ್ಕಿತು. ಅಳತೆ ತೆಗೆದು ತಂದು ಎರಡೂ ಕಿವಿಗೆ ನಾನೇ ಕೂರಿಸಿದೆ. ಆ ಗಳಿಗೆ ನನಗೆ ಚೆನ್ನಾಗಿ ನೆನಪಿದೆ. ಓನರ್ ಮೊದಲು ಗೋಡೆ ಗಡಿಯಾರದ ಕಡೆ ನೋಡಿದರು, ಆಮೇಲೆ ಅಡುಗೆಮನೆಯ ಕಡೆ. "ನಲ್ಲಿ ಸೋರ್ತಾ ಇದೆ" ಎಂದರು. ಅಕ್ಕನಿಗೆ ನಗುವೂ ಬಂತು, ಅಳುವೂ ಬಂತು. "ಎಷ್ಟು ವರ್ಷದಿಂದ ಸೋರ್ತಿದೆಯೋ ಅಪ್ಪ!"

ಆಮೇಲೆ ಒಂದೆರಡು ವಾರಕ್ಕೆ ಅವರು ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಆದರೆ ಒಬ್ಬರೇ ಹೊರಗೆ ಹೋಗಬಾರದು ಎಂದಾಯಿತು. ಅಕ್ಕ ಕೆಲಸಕ್ಕೆ ಹೊರಡುವಾಗ ಮುಂದಿನ ಸಿಟ್‌ಔಟ್‌ನ ಗ್ರಿಲ್ ಬಾಗಿಲಿಗೆ ಹೊರಗಿನಿಂದ ಬೀಗ ಹಾಕತೊಡಗಿದರು. ಬೇರೆ ದಾರಿ ಅವರಿಗಿರಲಿಲ್ಲ. ಓನರ್ ದಿನವಿಡೀ ಗ್ರಿಲ್‌ನ ಒಳಗೆ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತಿದ್ದರು. ನಾನು ಮೆಟ್ಟಿಲಿಳಿದು ಬಂದರೆ, "ಕಿವಿ ಡಾಕ್ಟ್ರೇ, ಕಡ್ಲೇಕಾಯಿ ಇದ್ರೆ ಹಾಕಿ, ಪಂಜರಕ್ಕೆ" ಎನ್ನುತ್ತಿದ್ದರು. ನಗಿಸಲೆಂದು ಹೇಳುತ್ತಿದ್ದರು. ಆದರೆ ಕೈ ಕಂಬಿ ಹಿಡಿದಿರುತ್ತಿತ್ತು.

ಜುಲೈ ತಿಂಗಳಲ್ಲಿ ಎದುರು ಮನೆಯ ಅಜ್ಜಿ ತೀರಿಕೊಂಡರು. ಓನರ್ ಮೂಲೆಗೆ ಹೋಗಿ ನಿಲ್ಲಬೇಕೆಂದರು. ಅಕ್ಕ ಬಿಡಲಿಲ್ಲ. "ನಿಮ್ಮನ್ನ ಯಾರ್ ಹಿಡ್ಕೋತಾರೆ ಅಲ್ಲಿ? ಜನಕ್ಕೆ ಅಷ್ಟೂ ಗೊತ್ತಾಗಲ್ವಾ?" ಎಂದು ಬೀಗ ಹಾಕಿ ಹೋದರು.

ಅದು ನನ್ನ ವಾರದ ರಜೆಯ ದಿನ. ಮೇಲೆ ಬಟ್ಟೆ ಒಣಗಿಸುತ್ತಿದ್ದೆ. ಮೂಲೆಯಿಂದ ಪೋಂ ಎಂದು ಹಾರನ್ ಕೇಳಿತು. ಹೆಗ್ಗನಹಳ್ಳಿ ಕಡೆಯ ಒಬ್ಬ ಹುಡುಗ ಆ ತಿಂಗಳಷ್ಟೇ ನಮ್ಮ ರಸ್ತೆಗೆ ಬರಲು ಶುರು ಮಾಡಿದ್ದ. ಮೊಪೆಡ್‌ನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಬನ್ನು, ಬೆಣ್ಣೆ ಬಿಸ್ಕತ್ತು ಮಾರುತ್ತಿದ್ದ. ಅವನ ಬಳಿ ಸ್ಪೀಕರ್ ಇರಲಿಲ್ಲ. ಹ್ಯಾಂಡಲ್‌ಗೆ ಹಳೆಯ ಕಾಲದ ಹಿತ್ತಾಳೆ ಹಾರನ್ ಇತ್ತು, ಹಿಂದೆ ಕಪ್ಪು ರಬ್ಬರಿನ ಉಂಡೆ. ಅವನು ಎದುರು ಮನೆಯ ಮುಂದೆ ನಿಂತು ಎರಡು ಸಲ ಒತ್ತಿದ. ಪೋಂ, ಪೋಂ.

ಎದುರು ಮನೆಯ ಮಗ ಗೇಟಿಗೆ ಬಂದರು. ತಾಯಿ ಹೋಗಿದ್ದರಿಂದ ತಲೆ, ಮೀಸೆ ಬೋಳಿಸಿದ್ದರು. ಹೆಗಲ ಮೇಲೆ ಒಂದು ಪಂಚೆ. ಮುಂದೆ ಹೋಗು ಎನ್ನುವಂತೆ ಕೈ ಎತ್ತಿದರು.

ಆಗ ಕೆಳಗಿನಿಂದ ಬಂದ ಕೂಗನ್ನು ನಾನು ಮನುಷ್ಯರ ಬಾಯಿಂದ ಮೊದಲು ಕೇಳಿರಲಿಲ್ಲ. ಓನರ್ ಮೊದಲು ಕೊಂಕಣಿಯಲ್ಲಿ ಏನೋ ಕೂಗಿದರು. ಆಮೇಲೆ ಕನ್ನಡದಲ್ಲಿ. "ಒಳಗ್ ಹೋಗು! ಬರ್ಬೇಡ! ಒಳಗ್ ಹೋಗೋ!" ಗ್ರಿಲ್ ದಡದಡ ಅಲುಗುತ್ತಿತ್ತು. ನಾನು ಇಳಿದು ಬಂದಾಗ ಓನರ್ ಎರಡು ಕೈಯಲ್ಲೂ ಕಂಬಿ ಹಿಡಿದು ಬೀಗವನ್ನು ಮೊಣಕಾಲಿನಿಂದ ಗುದ್ದುತ್ತಿದ್ದರು. ಬನ್ನಿನ ಹುಡುಗ ಹೆದರಿ ಗಾಡಿ ಓಡಿಸಿಕೊಂಡು ಹೋದ. ಎದುರು ಮನೆಯವರು, "ಏನಾಯ್ತು ಮೇಡಂ? ಫೋನ್ ಮಾಡ್ಲಾ ಯಾರಿಗಾದ್ರೂ?" ಎಂದರು. ನಾನು ನೋಡಿಕೊಳ್ಳುತ್ತೇನೆ, ನೀವು ಒಳಗೆ ಹೋಗಿ ಎಂದೆ. ಅವರು ಒಳಗೆ ಹೋಗಿ ಬಾಗಿಲು ಹಾಕುವವರೆಗೂ ಓನರ್ ಕಣ್ಣು ತೆಗೆಯಲಿಲ್ಲ.

ನನ್ನ ಹತ್ತಿರ ಬೀಗದ ಕೈ ಇರಲಿಲ್ಲ. ಗ್ರಿಲ್‌ನ ಹೊರಗೆ ಮೆಟ್ಟಿಲ ಮೇಲೆ ಕುಳಿತೆ. ಅವರು ಒಳಗೆ ನೆಲದ ಮೇಲೆಯೇ ಕುಳಿತರು. ಕಂಬಿಗಳ ಮಧ್ಯೆ ನೀರಿನ ಲೋಟ ಕೊಟ್ಟೆ. ಕುಡಿದರು. ಬಲಗೈ ಹಿಂಡುತ್ತಿತ್ತು. ಒಂದು, ಎರಡು. ಆಮೇಲೆ ಅರ್ಧ ತೆರೆದುಕೊಂಡು ನಿಂತಿತು.

"ಇದು ನಡುಕ ಅಲ್ಲ ಡಾಕ್ಟ್ರೇ," ಎಂದರು.

ಮುಂದಿನದು ಅವರು ಹೇಳಿದ್ದು. ಅವರು ಹೇಳಿದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಹತ್ತೊಂಬತ್ತು ವರ್ಷದವರಿದ್ದಾಗ ಅವರು ಸೈಕಲ್ಲಿನಲ್ಲಿ ಮನೆಮನೆಗೆ ಮೀನು ಮಾರುತ್ತಿದ್ದರು. ಕರಾವಳಿಯಲ್ಲಿ ಮೀನಿನವನು ಬಂದನೆಂದು ತಿಳಿಸುವುದು ಹಾರನ್. ಒಂದು ಸಲ ಉದ್ದಕ್ಕೆ ಒತ್ತಿದರೆ ಹೆಂಗಸರು ಪಾತ್ರೆ ಹಿಡಿದು ಹೊರಗೆ ಬರುತ್ತಾರೆ. ಅವರ ಊರಿನಲ್ಲಿ ಒಬ್ಬ ಮನುಷ್ಯನಿದ್ದ. ಗಡಿಯ ಆಚೆಯವರೊಂದಿಗೆ ಓಡಾಡುವ ಹುಡುಗರ ಹೆಸರನ್ನು ಪೋರ್ಚುಗೀಸರ ಪೊಲೀಸರಿಗೆ ಹೇಳುತ್ತಿದ್ದವನು. ಓನರ್ ಅವರ ಜೊತೆಯಲ್ಲಿ ಓದಿದ ಹುಡುಗನನ್ನು ಹಾಗೆ ಹಿಡಿದುಕೊಂಡು ಹೋಗಿದ್ದರು. ಅವನು ವಾಪಸ್ ಬಂದಾಗ ನಡೆಯುವ ಹಾಗಿರಲಿಲ್ಲ.

ಆ ಕಾಲದಲ್ಲಿ ಗುಟ್ಟಾಗಿ ಬಂದೂಕು ಹಿಡಿದ ಗುಂಪುಗಳಿದ್ದವು. ಮಾಹಿತಿ ಕೊಡುವವರನ್ನು ಹುಡುಕಿ ಹೊಡೆಯುವುದು ಅವುಗಳ ಒಂದು ಕೆಲಸವಾಗಿತ್ತು. ಗಡಿಯ ಈಚೆಯಿಂದ ಬರುತ್ತಿದ್ದವರಿಗೆ ಊರೂ ಗೊತ್ತಿರಲಿಲ್ಲ, ಮುಖವೂ ಗೊತ್ತಿರಲಿಲ್ಲ. ತೋರಿಸಿಕೊಡುವವನೊಬ್ಬ ಬೇಕು. ದಿನಾ ಎಲ್ಲರ ಮನೆ ಬಾಗಿಲಿಗೂ ಹೋಗುವವನು, ಹೋದರೆ ಯಾರಿಗೂ ಅನುಮಾನ ಬಾರದವನು ಎಂದರೆ ಮೀನಿನವನು.

"ನಾನಾಗೇ ಹೋದೆ. ಯಾರೂ ಬಲವಂತ ಮಾಡ್ಲಿಲ್ಲ," ಎಂದರು. "ಇದನ್ನ ಮೊದ್ಲು ತಿಳ್ಕೊಳಿ."

ಹೊಡೆಯಲು ಬಂದವರು ಮೂವರು. ಹೊಳೆಯಾಚೆಯ ಒಂದು ಗೇರುತೋಟದ ಗುಡಿಸಲಲ್ಲಿ ಓನರ್ ಅವರನ್ನು ಎರಡು ದಿನ ಇಟ್ಟುಕೊಂಡು ಕೆಲಸ ಕಲಿಸಿದರು. ಹಾರನ್‌ಗೆ ಒಂದು ಭಾಷೆ ಮಾಡಿದರು. ಎಂದಿನಂತೆ ಒಂದೇ ಸಲ ಉದ್ದಕ್ಕೆ ಒತ್ತಿ ಬಿಟ್ಟರೆ ಆ ಮನುಷ್ಯ ಕಾಣಲಿಲ್ಲ ಎಂದರ್ಥ. ಅದರ ಮೇಲೆ ಚಿಕ್ಕದಾಗಿ ಎರಡು ಸಲ ಒತ್ತಿದರೆ ಎದುರಿಗಿರುವವನೇ ಅವನು. ಎರಡರ ಬೆನ್ನಿಗೆ ಮೂರನೆಯದನ್ನೂ ಒತ್ತಿದರೆ, ತಪ್ಪಾಗಿದೆ, ಬಿಟ್ಟುಬಿಡಿ.

ಆ ಎರಡು ದಿನದಲ್ಲಿ ಊರಿನಲ್ಲಿ ಆ ಮನುಷ್ಯನ ತಾಯಿ ತೀರಿಕೊಂಡಳು. ಊರಿನಲ್ಲೇ ಇದ್ದಿದ್ದರೆ ಇವರಿಗೆ ಗೊತ್ತಾಗದೆ ಇರುತ್ತಿರಲಿಲ್ಲ. ಯಾವ ಮನೆಯಲ್ಲಿ ಸಾವಾಗಿದೆ ಎಂದು ಮೀನಿನವನಿಗೆ ಮೊದಲು ತಿಳಿಯುತ್ತದೆ, ಏಕೆಂದರೆ ಸೂತಕದ ಮನೆಯವರು ಮೀನು ತಿನ್ನುವುದಿಲ್ಲ. ಮೀನಿನವನು ಆ ಮನೆಯ ಮುಂದೆ ಹಾರನ್ ಒತ್ತದೆ, ಸೈಕಲ್ಲಿನಿಂದ ಇಳಿದು, ತಲೆ ತಗ್ಗಿಸಿ ದಾಟುತ್ತಾನೆ. ಅದು ಆ ಕಸುಬಿನ ಮರ್ಯಾದೆ. ಆದರೆ ಇವರು ಗುಡಿಸಲಿನಿಂದ ನೇರವಾಗಿ, ಗುಂಪಿನವರೇ ತಂದುಕೊಟ್ಟ ಮೀನಿನ ಬುಟ್ಟಿ ಕಟ್ಟಿಕೊಂಡು ಬೆಳಗಿನ ಮಂಜಿನಲ್ಲಿ ಬಂದಿದ್ದರು.

"ಮನೆ ಮುಂದೆ ನಿಂತು ಒಂದ್ ಸಲ ಉದ್ದಕ್ಕೆ ಒತ್ತಿದೆ. ಒಬ್ಬ ಗೇಟಿಗೆ ಬಂದ. ಅದೇ ಎತ್ತರ, ಅದೇ ನಡಿಗೆ. ಆದ್ರೆ ತಲೆ ಬೋಳು, ಮೀಸೆ ಇಲ್ಲ. ಆ ಮನುಷ್ಯನ್ನ ಊರೆಲ್ಲ ಗುರುತು ಹಿಡೀತಿದ್ದಿದ್ದೇ ಮೀಸೆಯಿಂದ. ನಂಗೇನು ಹೊಳೀತು ಗೊತ್ತಾ? ಇವನಿಗೆ ಸುಳಿವು ಸಿಕ್ಕಿದೆ, ವೇಷ ಮರೆಸ್ಕೊಂಡು ಓಡಿಹೋಗ್ತಾ ಇದಾನೆ ಅಂತ. ಬೋಳು ತಲೆ ನೋಡಿ ನಂಗೆ ವೇಷ ಹೊಳೀತು. ಸಾವು ಹೊಳೀಲಿಲ್ಲ. ಎರಡು ದಿನದಲ್ಲಿ ನನ್ನನ್ನ ಹಂಗೆ ಮಾಡಿಟ್ಟಿದ್ರು. ಇಲ್ಲ, ಅವರಲ್ಲ. ನಾನೇ ಹಂಗಾಗಿದ್ದೆ."

ಎರಡು ಸಲ ಒತ್ತಿದರು.

ಗೇಟಿನಲ್ಲಿದ್ದವನು ಕೈ ಎತ್ತಿ ಹೇಳಿದ: "ಇವತ್ತು ಬೇಡಪ್ಪ. ಅಮ್ಮ ಹೋಗ್ಬಿಟ್ಳು."

ದನಿ ಕೇಳಿದ ಕೂಡಲೇ ಗೊತ್ತಾಯಿತು. ಅವನಲ್ಲ, ಅವನ ತಮ್ಮ. ತಾಯಿಗೆ ಅಣ್ಣ ತಮ್ಮ ಇಬ್ಬರೂ ತಲೆ ಬೋಳಿಸಿದ್ದರು. ಕ್ರಿಯೆ ಹಿಡಿದಿದ್ದ ಅಣ್ಣ ಹೊಸಿಲು ದಾಟುವಂತಿರಲಿಲ್ಲ. ಅದಕ್ಕೇ ಮೀನಿನವನನ್ನು ಮುಂದೆ ಕಳಿಸಲು ತಮ್ಮ ಎದ್ದು ಬಂದಿದ್ದ. ಯಾರ ತಂಟೆಗೂ ಹೋಗದ ಮನುಷ್ಯ. ಇವರ ಹತ್ತಿರ ಮೀನು ಕೊಳ್ಳುವಾಗ ಬೆಕ್ಕಿಗೆಂದು ಒಂದು ಸಣ್ಣ ಮೀನು ಬಿಟ್ಟಿಯಾಗಿ ಕೇಳಿ ತೆಗೆದುಕೊಳ್ಳುತ್ತಿದ್ದವನು.

"ಕೈ ಉಂಡೆ ಮೇಲೇ ಇತ್ತು ಡಾಕ್ಟ್ರೇ. ಇನ್ನೊಂದು ಸಲ ಒತ್ತಬೇಕಿತ್ತು, ಅಷ್ಟೇ. ಟೈಮ್ ಇತ್ತು. ಇರ್ಲಿಲ್ಲ ಅಂತ ಎಷ್ಟೋ ಸಲ ನನಗೆ ನಾನೇ ಹೇಳ್ಕೊಂಡಿದೀನಿ. ಇತ್ತು. ಅವನು ಅಷ್ಟುದ್ದ ಮಾತಾಡೋಷ್ಟು ಟೈಮ್ ಇತ್ತು. ಕೈ ಮಡಚ್ಲಿಲ್ಲ."

ನಾನು ತಿರುಗಿ ನೋಡಿದೆ. ಎದುರು ಮನೆಯ ಬಾಗಿಲು ಮುಚ್ಚಿಯೇ ಇತ್ತು.

ಅವರು ಆ ದಿನವೇ ಹೊಳೆ ದಾಟಿ ಕಾರವಾರಕ್ಕೆ, ಅಲ್ಲಿಂದ ಬೆಂಗಳೂರಿಗೆ ಬಂದರು. ಸತ್ತವನ ಅಣ್ಣ ಬಹಳ ವರ್ಷ ಬದುಕಿದನಂತೆ. ಗುಂಪಿನವರು ಕೊನೆಯವರೆಗೂ ಇವರನ್ನು ಕೆಲಸ ಮಾಡಿದ ಹುಡುಗನೆಂದೇ ಕರೆದರಂತೆ. ತಪ್ಪು ಮನುಷ್ಯನನ್ನು ಹೊಡೆದದ್ದೆಂದು ತಿಳಿದ ಮೇಲೂ, "ಮನೆಯಂತೂ ಸರಿಯಾಗಿತ್ತಲ್ಲ" ಎಂದರಂತೆ.

ಓನರ್ ಸತ್ತವನ ಹೆಸರು ಹೇಳಿದರು. ನನ್ನಿಂದ ಎರಡು ಸಲ ಹೇಳಿಸಿ, ಉಚ್ಚಾರ ಸರಿಮಾಡಿದರು. "ಅವತ್ತು ಮೈಕ್ ಕೊಡ್ತಾರಂತೆ. ಎಲ್ಲರ ಮುಂದೆ ಹೇಳ್ಬಿಡ್ತೀನಿ. ಅವನ ಹೆಸರು ಒಂದ್ಸಲ ನನ್ನ ಬಾಯಿಂದ ಹೊರಗೆ ಬರ್ಬೇಕು. ಅಲ್ಲೀವರೆಗೂ ಮಗಳಿಗೂ ಹೇಳ್ಬೇಡಿ. ಅವಳಿಗೆ ಗೊತ್ತಾದ್ರೆ ಅವತ್ತೂ ಬೀಗ ಹಾಕ್ತಾಳೆ."

ಸಂಜೆ ಅಕ್ಕ ಬಂದರು. ಬಿದ್ದಿರಬಹುದೆಂದು ಗಾಬರಿಯಾಗಿ ಮೈಕೈ ಮುಟ್ಟಿ ನೋಡಿದರು. ಮಾರನೆಯ ದಿನ ನನಗೂ ಒಂದು ಬೀಗದ ಕೈ ಮಾಡಿಸಿಕೊಟ್ಟರು. ಆ ಬೀಗದ ಕೈಯನ್ನು ಚೀಲದಲ್ಲಿ ಇಟ್ಟುಕೊಂಡು ಓಡಾಡುವಾಗ ನನಗೆ ಯಾರನ್ನು ಒಳಗಿಟ್ಟಿದ್ದೇನೆ, ಯಾರನ್ನು ಹೊರಗಿಟ್ಟಿದ್ದೇನೆ ಎಂದು ತಿಳಿಯದ ಹಾಗಾಗಿತ್ತು.

ಆಗಸ್ಟ್ ಹದಿನೈದು. ಪಾರ್ಕಿನಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಶಾಲೆಯ ಮಕ್ಕಳು. ಓನರ್ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದರು. ಮಿಷಿನ್‌ನ ಸೆಲ್ ಬದಲಾಯಿಸಿ, ದನಿ ಹೊಂದಿಸಿಕೊಟ್ಟು, ನಾನು ವೇದಿಕೆಯ ಮೆಟ್ಟಿಲ ಪಕ್ಕದಲ್ಲೇ ನಿಂತೆ. ಶಾಲು ಹೊದಿಸಿದರು, ಪೇಟ ಇಟ್ಟರು. ಮೈಕು ಅವರ ಕೈಗೆ ಬಂತು.

ಅವರು ಬಲಗೈಯಲ್ಲಿ ಮೈಕು ಹಿಡಿದು ನಿಧಾನವಾಗಿ, ಸ್ಪಷ್ಟವಾಗಿ ಹೇಳಿದರು. "ನಾನು ಮೀನು ಮಾರ್ತಿದ್ದೆ. ಹೊಡೆಯೋಕೆ ಬಂದವರಿಗೆ ಮುಖ ಗೊತ್ತಿರಲಿಲ್ಲ. ತೋರಿಸೋದು ನನ್ನ ಕೆಲಸ. ನಾನು ಹಾರನ್ ಒತ್ತಿದೆ. ಅವನು ಹೊರಗೆ ಬಂದ. ಅವರು ಗುಂಡು ಹೊಡೆದ್ರು."

ಚಪ್ಪಾಳೆ ಬಿತ್ತು. ಶಾಮಿಯಾನದ ಕೆಳಗೆ ಜನ ಎದ್ದು ನಿಂತರು. ಓನರ್ ಎಡಗೈ ಎತ್ತಿ ಬೇಡ ಬೇಡ ಎಂದರು. "ಇಲ್ಲ, ಕೇಳಿ, ನಾನು ಮಾಡಿದ್ದು ದೊಡ್ಡ ಕೆಲಸ ಅಲ್ಲ..." ಎಂದರು. ಕಾರ್ಯದರ್ಶಿ ಇನ್ನೊಂದು ಮೈಕಿನಲ್ಲಿ, "ನೋಡಿ, ಎಂಥಾ ವಿನಯ! ಈ ವಯಸ್ಸಲ್ಲೂ!" ಎಂದರು. ಚಪ್ಪಾಳೆ ಇನ್ನೂ ಜೋರಾಯಿತು.

ಆ ಗದ್ದಲದ ನಡುವೆ ಓನರ್ ಆ ಹೆಸರು ಹೇಳಿದರು. ಪೂರ್ತಿ ಹೆಸರು. ಮೊದಲು ಅವನ ಹೆಸರು, ಆಮೇಲೆ ಮನೆತನದ್ದು. "ಸತ್ತವನು ಇವನು," ಎಂದರು.

ಮುಂದಿನ ಸಾಲಿನ ಒಬ್ಬ ಯುವಕ ಮುಷ್ಟಿ ಎತ್ತಿ, ಆ ಹೆಸರನ್ನೇ ಹಿಡಿದು, "ದ್ರೋಹಿಗೆ" ಎಂದು ಕೂಗಿದ. "ಧಿಕ್ಕಾರ!" ಎಂದರು ಎಲ್ಲರೂ. ಶಾಲೆಯ ಮಕ್ಕಳಿಗೆ ಕೂಗುವುದೆಂದರೆ ಖುಷಿ. ಅವರೂ ಸೇರಿಕೊಂಡರು. ಅರವತ್ತು ಚಿಲ್ಲರೆ ವರ್ಷ ಒಬ್ಬರ ಗಂಟಲಲ್ಲೇ ಇದ್ದ ಹೆಸರು ನಮ್ಮ ಪಾರ್ಕಿನಲ್ಲಿ, ಜೋಕಾಲಿ, ಜಾರುಬಂಡೆಗಳ ಮೇಲೆ, ಧಿಕ್ಕಾರದ ಜೊತೆ ಮತ್ತೆ ಮತ್ತೆ ಹೋಯಿತು.

ನಾನು ಮೆಟ್ಟಿಲು ಹತ್ತಿ ಕಾರ್ಯದರ್ಶಿಗೆ, "ಸಾರ್, ಅವರು ಹೇಳೋದು ಇನ್ನೂ ಮುಗಿದಿಲ್ಲ, ದಯವಿಟ್ಟು ಸುಮ್ನಿರಿಸಿ ಎಲ್ರನ್ನೂ" ಎಂದೆ.

"ಬಿಸಿಲು ಮೇಡಂ. ವಯಸ್ಸಾದೋರು, ಎಮೋಷನಲ್ ಆಗಿದಾರೆ. ಬಿಪಿ ಏರಿದ್ರೆ ಯಾರು ಹೊಣೆ?" ಎಂದು ಅವರು ಓನರ್ ಕೈಯಿಂದ ಮೈಕನ್ನು ಮೃದುವಾಗಿ ಬಿಡಿಸಿಕೊಂಡರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಕಂಡದ್ದು ಅಷ್ಟೇ. ಅಕ್ಕ ಕೆಳಗೆ ಕಣ್ಣೊರೆಸಿಕೊಳ್ಳುತ್ತ ಫೋಟೊ ತೆಗೆಯುತ್ತಿದ್ದರು.

ಓನರ್ ವೇದಿಕೆಯ ಮೇಲೆಯೇ ಎರಡೂ ಕಿವಿಯ ಮಿಷಿನ್ ತೆಗೆದು ನನ್ನ ಅಂಗೈಯಲ್ಲಿಟ್ಟರು. ಆಮೇಲೆ ಅವರು ಅವನ್ನು ಹಾಕಿಕೊಳ್ಳಲಿಲ್ಲ. ಮನೆಗೆ ಕರೆತಂದಾಗ ಕಂಬಿ ಹಿಡಿದು ನಿಂತು, "ಅವನ ಹೆಸರಿಗೆ ಧಿಕ್ಕಾರ ಕೂಗಿಸಿಬಿಟ್ನಲ್ಲ ಡಾಕ್ಟ್ರೇ" ಎಂದರು. ಆಮೇಲೆ, "ಇನ್ನು ನೀವೇ ಇಟ್ಕೊಳ್ಳಿ. ನನ್ನ ಕೈಲಿ ಆಗ್ಲಿಲ್ಲ" ಎಂದರು. ಇಟ್ಟುಕೊಳ್ಳಿ ಎಂದದ್ದು ಕಿವಿಯ ಮಿಷಿನ್ ಬಗ್ಗೆ ಅಲ್ಲವೆಂದು ನನಗೆ ಗೊತ್ತಿತ್ತು.

ಪಾರ್ಕಿನ ಬಾಗಿಲಲ್ಲಿ ಫಲಕ ಬಂತು. ಕೆಲಸಕ್ಕೆ ಹೋಗುವ ನನ್ನ ದಾರಿ ಅದೇ. ನಾನು ಎದುರಿನ ಫುಟ್‌ಪಾತ್‌ನಲ್ಲಿ ನಡೆಯತೊಡಗಿದೆ.

ಓನರ್ ದೀಪಾವಳಿ ಕಳೆದ ಮೇಲೆ, ಒಂದು ಮಧ್ಯಾಹ್ನ, ಮನೆಯಲ್ಲೇ ತೀರಿಕೊಂಡರು. ಕೊನೆಯ ಎರಡು ದಿನ ಮಾತಿರಲಿಲ್ಲ. ಅಕ್ಕ ಒಂದು ಬದಿಗೆ, ನಾನು ಒಂದು ಬದಿಗೆ ಕುಳಿತಿದ್ದೆವು. ಬಲಗೈ ನನ್ನ ಕೈಯಲ್ಲಿತ್ತು. ಬೆರಳು ನನ್ನ ಅಂಗೈಯನ್ನು ಒಂದು ಸಲ ಹಿಂಡಿತು. ಇನ್ನೊಂದು ಸಲ ಹಿಂಡಿತು. ನಾನು ಕಾದೆ. ಮತ್ತೆ ಹಿಂಡಲಿಲ್ಲ. ಮೂರನೆಯದೂ ಆಗಿದ್ದರೆ ಚೆನ್ನಾಗಿರುತ್ತಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಆದರೆ ಆಗಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಅಂಗಡಿಗೆ ರಜೆ ಹೇಳಿ, ಅವರ ಕೊಡೆ ತೆಗೆದುಕೊಂಡು ಮೂಲೆಗೆ ಹೋಗಿ ಹೊಂಗೆ ಮರದ ಕೆಳಗೆ ನಿಂತೆ. ಈ ಸಲ ಸೂತಕದ ಮನೆ ಅವರದೇ. ಸೊಪ್ಪಿನವಳನ್ನು, ಹಳೇ ಪೇಪರಿನವನನ್ನು ತಡೆದು ಹೇಳಿದೆ. ಯಾರೂ ಎದುರು ಮಾತಾಡಲಿಲ್ಲ. ಪೇಪರಿನವನು ಸ್ಪೀಕರ್ ಆರಿಸಿ, "ನಮ್ ತಾತಾನಾ?" ಎಂದು ಕೇಳಿ ಚಪ್ಪಲಿ ಬಿಟ್ಟು ಮನೆಯ ಕಡೆ ನೋಡಿ ಕೈ ಮುಗಿದ.

ಅಕ್ಕ ಹುಡುಕಿಕೊಂಡು ಬಂದರು. "ನೀವ್ಯಾಕೆ ಇಲ್ಲಿ ನಿಂತಿದೀರ? ಅಪ್ಪಂಗೆ ಏನೋ ಹುಚ್ಚು. ನಿಮಗೂ ಹತ್ತುಸ್ಬಿಟ್ರಾ?" ಎಂದು ಅಳುತ್ತಲೇ ನಕ್ಕರು. ಆಮೇಲೆ ಕೇಳಿದರು: "ಅವತ್ತು ಸ್ಟೇಜ್ ಮೇಲೆ ಅಪ್ಪ ಇನ್ನೂ ಏನೋ ಹೇಳೋಕೆ ಹೋಗ್ತಿದ್ರು ಅಲ್ವಾ? ಅವತ್ತಿಂದ ಅವರು ನನ್ನ ಮುಖ ನೋಡ್ತಿರ್ಲಿಲ್ಲ. ನಿಮಗೆ ಗೊತ್ತು. ನಿಮ್ಮ ಮುಖ ನೋಡಿದ್ರೆ ಗೊತ್ತಾಗತ್ತೆ."

ಅಲ್ಲೇ ಮರದ ಕೆಳಗೆ ನಿಂತು ಹೇಳಿದೆ. ಅವರು ಹೇಳಿದ ಕ್ರಮದಲ್ಲೇ ಹೇಳಿದೆ. ಮೊದಲು, ಅವರಾಗಿಯೇ ಹೋದರು, ಯಾರೂ ಬಲವಂತ ಮಾಡಲಿಲ್ಲ ಎಂಬುದನ್ನು. ಆಮೇಲೆ ಗುಡಿಸಲು, ಹಾರನ್, ಬೋಳು ತಲೆ, ಅಮ್ಮ ಹೋದಳೆಂದ ಆ ಮಾತು. ನಡುವೆ ಎರಡು ಗಾಡಿ ಬಂದವು. ಮಾತು ನಿಲ್ಲಿಸಿ ಅವರಿಗೆ ಹೇಳಿ ಕಳಿಸಿ ಮುಂದುವರಿಸಿದೆ. ಅಕ್ಕ ಹೊಂಗೆಯ ತೊಗಟೆಯನ್ನು ಉಗುರಿನಿಂದ ಕೀಳುತ್ತ ಕೇಳಿದರು. ಮುಗಿದ ಮೇಲೆ, "ಅದಕ್ಕೇ ನಮ್ಮನೇಲಿ ಮೀನು ತರ್ತಿರ್ಲಿಲ್ಲ," ಎಂದರು. ಆಮೇಲೆ, "ಆ ಹೆಸರು ಇನ್ನೊಂದ್ಸಲ ಹೇಳಿ," ಎಂದರು. ಹೇಳಿದೆ. ಅವರು ತುಟಿ ಆಡಿಸಿಕೊಂಡು ಮನೆಗೆ ಹೋದರು.

ಇದನ್ನು ಬರೆಯಬಹುದೇ ಎಂದು ಆಮೇಲೆ ಕೇಳಿದಾಗ ಅಕ್ಕ, "ಬರೀರಿ, ಅಪ್ಪನ ಹೆಸರು ಮಾತ್ರ ಬೇಡ" ಎಂದರು. ಸತ್ತವನ ಹೆಸರನ್ನೂ ನಾನು ಬರೆದಿಲ್ಲ. ಅವನ ಮನೆಯವರು ಆ ಊರಿನಲ್ಲಿ ಇನ್ನೂ ಇದ್ದಾರು. ಆ ಹೆಸರು ನಿಜಕ್ಕೂ ಯಾರದೆಂದು ಈಗ ನಮ್ಮಿಬ್ಬರಿಗೆ ಗೊತ್ತು. ಫಲಕ ಇನ್ನೂ ಅಲ್ಲೇ ಇದೆ. ಅದನ್ನು ತೆಗೆಸಬೇಕೆಂದರೆ ಏನೆಂದು ಹೇಳಿ ತೆಗೆಸುವುದೆಂದು ನಮಗೆ ಹೊಳೆದಿಲ್ಲ.

ಮರುದಿನ ನಾನು ಕೊಡೆ ಹಿಡಿದು ಮೂಲೆಗೆ ಹೋದಾಗ ಅಕ್ಕ ಆಗಲೇ ಅಲ್ಲಿದ್ದರು. ಸೂತಕದವರು ಹೀಗೆ ಬೀದಿಗೆ ಬಂದು ನಿಲ್ಲಬಾರದು. ಅದು ಅವರಿಗೂ ಗೊತ್ತು. ನಾನು ಪಕ್ಕದಲ್ಲಿ ನಿಂತೆ. ಬನ್ನಿನ ಹುಡುಗ ಮೊಪೆಡ್ ತಿರುಗಿಸಿಕೊಂಡು ನಮ್ಮ ರಸ್ತೆಗೆ ಬಂದ. ಅವನ ಕೈ ಹಾರನ್‌ನ ಕಡೆ ಹೋಯಿತು. ಅಕ್ಕ ಎರಡು ಹೆಜ್ಜೆ ಮುಂದೆ ಹೋಗಿ, ಅವನ ಕೈಗಿಂತ ಮೊದಲು ತಮ್ಮ ಅಂಗೈಯನ್ನು ಆ ರಬ್ಬರಿನ ಉಂಡೆಯ ಮೇಲಿಟ್ಟರು. ಒತ್ತಲಿಲ್ಲ. ಮುಚ್ಚಿ ಹಿಡಿದುಕೊಂಡರು.

"ಇಳಿದು ತಳ್ಕೊಂಡ್ ಹೋಗಪ್ಪ," ಎಂದರು. "ಇರೋರು ಎದ್ದು ಬರ್ತಾರೆ."